ನೈಸ್ಮಿತ್ ನಿಯಮ

ನೈಸ್ಮಿತ್ ನಿಯಮವು ಬೆಟ್ಟದ ಕಾಲುದಾರಿಯನ್ನು ಕ್ರಮಿಸಲು ತಗಲುವ ಸಮಯವನ್ನು ಅಂದಾಜು ಮಾಡುವ ಸೂತ್ರವಾಗಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಇದನ್ನು 1892ರಲ್ಲಿ ರೂಪಿಸಿದರು. ಪ್ರತಿ 3 ಮೈಲಿ ದೂರಕ್ಕೆ ಒಂದು ಗಂಟೆ, ಪ್ರತಿ 2,000 ಅಡಿ ಏರಿಕೆಗೆ ಹೆಚ್ಚುವರಿಯಾಗಿ ಒಂದು ಗಂಟೆ ಎಂಬುದು ಇದರ ಲೆಕ್ಕ. ಮೆಟ್ರಿಕ್ ಮಾನದಲ್ಲಿ ಇವು ಸುಮಾರು 5 ಕಿ.ಮೀ. ಮತ್ತು 600 ಮೀಟರ್.

ಉದಾಹರಣೆ
ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನವಿರುವ ಜಟಿಂಗ ರಾಮೇಶ್ವರದಂತಹ ಬೆಟ್ಟವೊಂದರಲ್ಲಿ 2 ಕಿ.ಮೀ. ನಡೆದು 200 ಮೀಟರ್ ಏರಬೇಕೆಂದು ಭಾವಿಸಿದರೆ, ದೂರಕ್ಕೆ 24 ನಿಮಿಷ, ಏರಿಕೆಗೆ 20 ನಿಮಿಷ, ಒಟ್ಟು 44 ನಿಮಿಷಗಳಾಗುತ್ತವೆ.

ಮಿತಿಗಳು
ವಿಶ್ರಾಂತಿ, ಬಿಸಿಲು, ವಯಸ್ಸು, ಹೊರೆ ಹಾಗೂ ಕಡಿದಾದ ಇಳಿಜಾರುಗಳನ್ನು ಈ ನಿಯಮವು ಪರಿಗಣಿಸುವುದಿಲ್ಲ. ಆದುದರಿಂದ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವನ್ನು ಆಧರಿಸಿ, ಕತ್ತಲಾಗುವ ಮೊದಲೇ ಕೆಳಗಿಳಿಯುವಂತೆ ಹೊರಡುವ ಸಮಯವನ್ನು ನಿಗದಿಪಡಿಸಬೇಕು.