ಕಪಾಟಿನೊಳಗೆ ಬೆಳೆದ ಮೀಸೆ



ನಾನು ವಿಜ್ಞಾನ ಬೋಧಿಸುತ್ತಿದ್ದ ಶಾಲೆಯೊಂದರಲ್ಲಿ ಗಣರಾಜ್ಯೋತ್ಸವದ ಮುನ್ನಾದಿನ ಧ್ವನಿವರ್ಧಕ ಮೂಕವಾಯಿತು. ಆಂಪ್ಲಿಫೈಯರಿನೊಳಗಿನ ದೊಡ್ಡ ಕಂಡೆನ್ಸರ್ ಕೆಟ್ಟಿತ್ತು. ಆಪತ್ಕಾಲಕ್ಕಿರಲೆಂದು ಹತ್ತಾರು ವರ್ಷಗಳ ಹಿಂದೆ ಕೊಂಡಿಟ್ಟಿದ್ದ ಹೊಸ ಕಂಡೆನ್ಸರನ್ನು ಹೆಮ್ಮೆಯಿಂದ ತೆಗೆದುಕೊಟ್ಟೆ. ರಿಪೇರಿಯವರು ಜೋಡಿಸಿ ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಅದು ಕಾದು, ಉಬ್ಬಿ, ಒಡೆಯಿತು. ಮರುದಿನದ ಭಾಷಣಗಳೆಲ್ಲ ಬರಿಗಂಟಲಿನಲ್ಲೇ ನಡೆದವು.

ಒಮ್ಮೆಯೂ ಬಳಸದ ವಸ್ತು ಕೆಡುವುದೆಂತು? ಅಂತಹ ಕಂಡೆನ್ಸರಿನಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲಿನ ತೆಳುವಾದ ಆಕ್ಸೈಡ್ ಪದರವೇ ನಿರೋಧಕ. ವೋಲ್ಟೇಜ್ ದೊರೆಯುತ್ತಿರುವವರೆಗೆ ಪದರವು ತನ್ನ ಗಾಯಗಳನ್ನು ತಾನೇ ಮಾಯಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಸುಮ್ಮನಿರಿಸಿದರೆ ಕ್ಷೀಣಿಸುತ್ತದೆ. ಮೊದಲು ರೋಧಕದ ಮೂಲಕ ಮೆಲ್ಲಮೆಲ್ಲನೆ ವೋಲ್ಟೇಜ್ ಏರಿಸಿದ್ದರೆ ನಮ್ಮದೂ ಉಳಿಯುತ್ತಿತ್ತೇನೋ.

ಈ ಪಾಠವನ್ನು ದೊಡ್ಡ ದೊಡ್ಡ ಸಂಸ್ಥೆಗಳೂ ನಷ್ಟ ತೆತ್ತೇ ಕಲಿತವು. 1940ರ ದಶಕದಲ್ಲಿ ಅಮೆರಿಕದ ಬೆಲ್ ದೂರವಾಣಿ ಸಂಸ್ಥೆಯ ಉಪಕರಣಗಳು ಕಾರಣ ತಿಳಿಯದೆ ಕೆಡತೊಡಗಿದವು. ಪರೀಕ್ಷಿಸಿದಾಗ, ತುಕ್ಕು ತಡೆಯಲೆಂದು ಬಳಿದಿದ್ದ ಕ್ಯಾಡ್ಮಿಯಂ ಲೇಪದಿಂದ ಕೂದಲಿಗಿಂತಲೂ ತೆಳುವಾದ ಲೋಹದ ಎಳೆಗಳು ಮೊಳೆತಿದ್ದವು. ಎರಡು ತುದಿಗಳ ನಡುವೆ ಎಳೆ ಸೇತುವೆಯಾದರೆ ಶಾರ್ಟ್ ಸರ್ಕ್ಯೂಟ್! ಲೇಪವನ್ನು ತವರಕ್ಕೆ ಬದಲಿಸಿದರು. ತವರಕ್ಕೂ ಮೀಸೆ ಬಂದಿತು. ಈ ಮೀಸೆ ಬೆಳೆಯಲು ವಿದ್ಯುತ್ತೇ ಬೇಕಿಲ್ಲ. ಕಪಾಟಿನಲ್ಲಿಟ್ಟ ಬಿಡಿಭಾಗದ ಮೇಲೂ ಬೆಳೆಯುತ್ತದೆ. ಕೊನೆಗೆ, ತವರಕ್ಕೆ ಕೊಂಚ ಸೀಸ ಬೆರೆಸಿದರೆ ಬೆಳವಣಿಗೆ ಬಹುಮಟ್ಟಿಗೆ ತಗ್ಗುತ್ತದೆಂದು ಅದೇ ಸಂಸ್ಥೆಯ ಪ್ರಯೋಗಾಲಯದವರು ಕಂಡುಕೊಂಡರು.

ಆದರೂ ಆಪತ್ತು ಮುಗಿಯಲಿಲ್ಲ. 1998ರ ಮೇ 19ರಂದು ಗ್ಯಾಲಕ್ಸಿ-4 ಉಪಗ್ರಹದ ಮುಖ್ಯ ನಿಯಂತ್ರಕ ಕೈಕೊಟ್ಟಿತು. ಬದಲಿಯಾಗಿದ್ದ ಇನ್ನೊಂದೂ ಒದಗಲಿಲ್ಲ. ಅಮೆರಿಕದ ಬಹುಪಾಲು ಪೇಜರುಗಳು ಮೌನವಾದವು. ಮುಖ್ಯ ನಿಯಂತ್ರಕದ ಸೋಲಿಗೆ ತವರದ ಮೀಸೆಯೇ ಕಾರಣವೆಂಬ ನಿರ್ಣಯವಾಯಿತು. ಬಳಿಕ 2006ರ ಜುಲೈ 1ರಿಂದ ಯುರೋಪಿನ ಒಕ್ಕೂಟವು ಆರೋಗ್ಯ ಹಾಗೂ ಪರಿಸರದ ದೃಷ್ಟಿಯಿಂದ ಹೊಸ ಉಪಕರಣಗಳಲ್ಲಿ ಸೀಸವನ್ನು ನಿರ್ಬಂಧಿಸಿತು. ಉದ್ದೇಶವು ಸಾಧುವಾದುದೇ, ಆದರೆ ಬರಿಯ ತವರದ ಲೇಪ ಮರಳಿದೊಡನೆ ಹಳೆಯ ಭಯವೂ ಮರಳಿತು. ಮೊದಲೇ ಮಾರಾಟವಾಗಿದ್ದ ಯಂತ್ರಗಳ ಬಿಡಿಭಾಗಗಳಿಗೆ ಆ ನಿಯಮವು ವಿನಾಯಿತಿ ನೀಡಿತು.

ಮೀಸೆಯಲ್ಲದೆ ತೇವವೂ ಶತ್ರುವೇ. ಚಿಪ್ಪಿನ ಪ್ಲಾಸ್ಟಿಕ್ ಕವಚವು ಗಾಳಿಯ ತೇವವನ್ನು ಹೀರುತ್ತದೆ. ಬೆಸುಗೆಯ ಶಾಖಕ್ಕೆ ಆ ತೇವ ಆವಿಯಾಗಿ ಕವಚ ಸೀಳುವುದುಂಟು. ಅದಕ್ಕೇ ಮುಚ್ಚಿದ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣವನ್ನೂ ತೇವಸೂಚಕ ಚೀಟಿಯನ್ನೂ ಇಡುವರು. ಹಳೆಯ ಬಗೆಯ ಚೀಟಿ ತೇವ ತಗುಲಿದರೆ ನೀಲಿಯಿಂದ ಗುಲಾಬಿಗೆ ತಿರುಗುತ್ತದೆ. ಪ್ರಯೋಗಾಲಯದಲ್ಲಿ ನೀವು ಕಂಡಿದ್ದ ಕೋಬಾಲ್ಟ್ ಕ್ಲೋರೈಡಿನ ಗುಣವೇ ಅದು!

ನಮ್ಮಜ್ಜಿ ಬಿತ್ತನೆಯ ರಾಗಿಯನ್ನು ಮಡಕೆಗೆ ತುಂಬಿ ಮರೆಯುತ್ತಿರಲಿಲ್ಲ. ಆಗಾಗ ತೆಗೆದು ಬಿಸಿಲಿಗೆ ಹರಡಿ, ಕೈಯಾಡಿಸಿ ನೋಡುತ್ತಿದ್ದರು. ನಾನೋ ಕಂಡೆನ್ಸರನ್ನು ಕೊಂಡ ದಿನವೇ ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೆ. ನಿಮ್ಮಲ್ಲಿ ಹಲವರು ಇಂದು ಆಸ್ಪತ್ರೆ, ಕಾರ್ಖಾನೆ, ವಿದ್ಯುತ್ ಕೇಂದ್ರಗಳಲ್ಲಿ ಇದ್ದೀರಿ. ನಿಮ್ಮ ಕಪಾಟಿನ ಬಿಡಿಭಾಗದ ಮೇಲೆ ಯಾರದೋ ಪ್ರಾಣವೇ ನಿಂತಿರಬಹುದು. ಕೊಂಡ ದಿನಾಂಕ ಬರೆದಿಡಿ, ಹಳೆಯದನ್ನು ಮೊದಲು ಬಳಸಿ, ನಿಯಮಿತವಾಗಿ ತೆಗೆದು ಪರೀಕ್ಷಿಸಿ. ನಿಮ್ಮ ಮೇಷ್ಟ್ರು ಮಾಡಿದ ತಪ್ಪು ನಿಮ್ಮಿಂದಾಗದಿರಲಿ.