ಮೂಗಿನ ಅಳತೆಯಿಂದ 70 ತಲೆಮಾರಿನವರೆಗೆ

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮಗಳು ಎಂ.ಎಸ್ಸಿ. ಓದ್ತಿದ್ದಾಳೆ. ಈ ಸೆಮಿಸ್ಟರ್‌ನಲ್ಲಿ ‘ಅಡ್ವಾನ್ಸ್ಡ್ ಜೆನೆಟಿಕ್ಸ್’ ಅನ್ನೋ ಪೇಪರ್ ಬ್ಲೆಂಡೆಡ್ ಮೋಡ್‌ನಲ್ಲಿದೆ. ಅಂದ್ರೆ ಪಾಠದ ವಿಡಿಯೋ, ಕ್ವಿಜ್ ಎಲ್ಲ ಮನೇಲೇ ಆನ್‌ಲೈನ್. ಲ್ಯಾಬಿಗೆ, ಚರ್ಚೆಗೆ ಮಾತ್ರ ಶನಿವಾರ ಯೂನಿವರ್ಸಿಟಿಗೆ ಹೋಗಬೇಕು. ನಾನು ಬಿ.ಎ. ಮಾಡಿದ ಗುಮಾಸ್ತ. ರಾತ್ರಿ ಊಟ ಆದ ಮೇಲೆ ಅವಳ ಪಕ್ಕ ಕೂತು ನಾನೂ ವಿಡಿಯೋ ನೋಡ್ತೀನಿ. ಅರ್ಧ ತಿಳಿಯಲ್ಲ. ನಿಲ್ಲಿಸಿ ನಿಲ್ಲಿಸಿ ಅವಳೇ ಹೇಳಿಕೊಡ್ತಾಳೆ.

ಹೋದ ತಿಂಗಳು ಒಂದು ಶನಿವಾರ ಸಪ್ಪಗೆ ಮನೆಗೆ ಬಂದಳು. ಟೀ ಕುಡಿಯುವಾಗ ಜೊತೆಯ ಹುಡುಗನೊಬ್ಬ "ಮೆರಿಟ್ಟು ಜೀನ್‌ನಲ್ಲೇ ಬರಬೇಕು, ರಿಸರ್ವೇಶನ್‌ನಲ್ಲಿ ಬರುತ್ತಾ?" ಅಂದನಂತೆ. ಎಲ್ಲರೂ ನಕ್ಕರಂತೆ. "ನೀನೇನಂದೆ ಮಗಾ?" ಅಂತ ಕೇಳಿದೆ. "ಏನೂ ಅನ್ನಲಿಲ್ಲ ಕಣಪ್ಪ" ಅಂದಳು. ಅದೇ ವಾರ ಅಸೈನ್‌ಮೆಂಟ್ ಬಂತು: ಭಾರತದ ಜನಸಮುದಾಯಗಳ ತಳಿ ಇತಿಹಾಸ. ಅವಳು ಲ್ಯಾಪ್‌ಟಾಪ್‌ನಲ್ಲಿ ಹುಡುಕೋಕೆ ಕೂತಳು, ನಾನು ಬೀರು ಮೇಲಿದ್ದ ಬಾಬಾಸಾಹೇಬರ ಸಂಪುಟಗಳನ್ನ ಇಳಿಸಿದೆ.

ಮೆಂಡಲ್‌ನ ಬಟಾಣಿ ಗಿಡದ ಲೆಕ್ಕ 1866ರಲ್ಲೇ ಅಚ್ಚಾಗಿತ್ತು, ಹೆಚ್ಚಿನವರು ಕಣ್ಣೆತ್ತಿ ನೋಡಲಿಲ್ಲ. 1900ರಲ್ಲಿ ಅದು ಮತ್ತೆ ಬೆಳಕಿಗೆ ಬಂತು. ಮರುವರ್ಷವೇ ನಮ್ಮಲ್ಲಿ 1901ರ ಜನಗಣತಿ. ಅದರ ಕಮಿಷನರ್ ಹರ್ಬರ್ಟ್ ರಿಸ್ಲೆ. ಈತ ಅಷ್ಟರಲ್ಲಾಗಲೇ ಬಂಗಾಳದಲ್ಲಿ ಜನರ ಮೂಗು ಅಳೆಸಿ ಪುಸ್ತಕ ಮಾಡಿದ್ದ. ಮೂಗಿನ ಅಗಲವನ್ನ ಉದ್ದದಿಂದ ಭಾಗಿಸಿ 100ರಿಂದ ಗುಣಿಸೋದು. ಬಂದ ಅಂಕಿ ಹೆಚ್ಚಾದಷ್ಟೂ ಜಾತಿ ಕೆಳಗೆ, ಕಮ್ಮಿಯಾದಷ್ಟೂ ಮೇಲೆ ಅನ್ನೋದು ಅವನ ಸಿದ್ಧಾಂತ. ಆ ಕಾಲಕ್ಕೆ ಇದೇ ಸೈನ್ಸು! ಮಗಳ ಸಿಲೆಬಸ್‌ನಲ್ಲಿ ಮೆಂಡಲ್ ಇದ್ದಾನೆ, ರಿಸ್ಲೆ ಇಲ್ಲ.

ಈಗ ನ್ಯೂಯಾರ್ಕಿಗೆ ಬನ್ನಿ. 1916ರ ಮೇ 9. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗೋಲ್ಡನ್‌ವೈಸರ್ ಅವರ ಸೆಮಿನಾರ್. 25 ವರ್ಷದ ಅಂಬೇಡ್ಕರ್ ಅಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದ್ತಾರೆ. ಜಾತಿಯ ತಿರುಳು ಇರೋದು ಒಳಮದುವೆಯಲ್ಲಿ, ಇಲ್ಲಿನ ಜನ ಮೊದಲೇ ಬೆರೆತುಹೋಗಿದ್ರು, ಬೇಲಿ ಬಿದ್ದಿದ್ದು ಆಮೇಲೆ ಅನ್ನೋದು ಅವರ ವಾದ. ಕೈಯಲ್ಲಿ ಲ್ಯಾಬ್ ಇಲ್ಲ, ಡಿಎನ್‌ಎ ರಚನೆ ಗೊತ್ತಾಗೋಕೆ ಇನ್ನೂ 37 ವರ್ಷ ಇತ್ತು.

1936ರ ‘ಜಾತಿ ವಿನಾಶ’ದಲ್ಲಿ ಅವರು ನೇರವಾಗಿ ತಳಿಶಾಸ್ತ್ರಕ್ಕೇ ಕೈ ಹಾಕ್ತಾರೆ. ಜಾತಿ ಇರೋದ್ರಿಂದ ಒಳ್ಳೇ ತಳಿ ಉಳಿಯುತ್ತೆ ಅಂತ ಆಗಲೂ ವಾದ ಮಾಡೋರಿದ್ರು, ನಮ್ಮ ಟೀ ಹುಡುಗನ ಹಾಗೆ. ಅದಕ್ಕೆ ಬಾಬಾಸಾಹೇಬರು ತಂದದ್ದು ಬೇಟ್ಸನ್‌ನನ್ನ. ‘ಜೆನೆಟಿಕ್ಸ್’ ಅನ್ನೋ ಹೆಸರು ಕೊಟ್ಟವನೇ ಈ ಬೇಟ್ಸನ್! ಬುದ್ಧಿಯ ಗುಣಗಳು ಬಟಾಣಿ ಬಣ್ಣದ ಥರ ಒಂದೇ ನಿಯಮದಲ್ಲಿ ಇಳಿದು ಬರಲ್ಲ ಅಂತ ಅವನೇ ಬರೆದಿದ್ದ. ಈ ಸಾಲು ತೋರಿಸಿದಾಗ ಮಗಳು ಪುಸ್ತಕ ಕಿತ್ಕೊಂಡು ಎರಡು ಸಲ ಓದಿದಳು. "ಅಪ್ಪ, ಇದು ನಮ್ಮ ಯೂನಿಟ್ 2" ಅಂದಳು.

1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಪುಸ್ತಕ ಬಂತು. ಅಲ್ಲಿ ಅವರು ಮಾಡಿದ್ದು ನೋಡಿ, ಮೂಗಿನ ಅಳತೆಯನ್ನೇ ಎತ್ಕೊಂಡು ಅದರಿಂದಲೇ ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನ ಅಂತ ತೋರಿಸಿದ್ರು. ಮನುಸ್ಮೃತಿ, ಗೋಮಾಂಸದ ಜಗಳ, ಗುಪ್ತರ ಕಾಲದ ಗೋಹತ್ಯೆ ಶಿಕ್ಷೆ, ಚೀನೀ ಯಾತ್ರಿಕರ ಬರಹ ಎಲ್ಲ ತೂಗಿ, ಅಸ್ಪೃಶ್ಯತೆ ಹುಟ್ಟಿದ್ದು ಸುಮಾರು ಕ್ರಿ.ಶ. 400ರಲ್ಲಿ ಅಂದ್ರು.

ಇನ್ನು ಮಗಳ ಪಾಲು. ಎರಡು ಇಸ್ಪೀಟ್ ಕಟ್ಟು ತಗೊಳ್ಳಿ, ಒಂದು ಕೆಂಪು ಬೆನ್ನಿಂದು, ಒಂದು ನೀಲಿ. ಒಂದರ ಮೇಲೊಂದಿಟ್ಟು ಕಲೆಸುತ್ತಾ ಹೋದರೆ ಒಂದೇ ಬಣ್ಣದ ಸಾಲು ಚಿಕ್ಕದಾಗ್ತಾ ಬರುತ್ತೆ. ನಮ್ಮ ಕ್ರೋಮೋಸೋಮೂ ತಲೆಮಾರಿಗೊಮ್ಮೆ ಹೀಗೇ ಕಲೆಸಿಕೊಳ್ಳುತ್ತಂತೆ. ತುಂಡಿನ ಉದ್ದ ನೋಡಿದ್ರೆ ಬೆರೆತು ಎಷ್ಟು ತಲೆಮಾರಾಯ್ತು ಅಂತ ಲೆಕ್ಕ ಸಿಗುತ್ತೆ. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್‌ನವರು 2013ರಲ್ಲಿ ಹೇಳಿದ್ದು: ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ತನಕ ಇಲ್ಲಿನ ಜನ ಚೆನ್ನಾಗಿ ಬೆರೀತಿದ್ರು, ಆಮೇಲೆ ಒಳಮದುವೆ ಬಂತು. 2016ರಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿಯ ಸಂಸ್ಥೆಯವರು 20 ಸಮುದಾಯಗಳ 367 ಜನರ ಡಿಎನ್‌ಎ ನೋಡಿದ್ರು. ಹಲವು ಮೇಲ್ಜಾತಿಗಳಲ್ಲಿ ಈ ಬೆರಕೆ ಸುಮಾರು 70 ತಲೆಮಾರಿನ ಹಿಂದೆ ದಿಢೀರನೆ ನಿಂತಿದೆ. ಅಂದ್ರೆ 1,500 ವರ್ಷದ ಆಸುಪಾಸು. ಅವರೂ ಬೆರಳು ತೋರಿಸಿದ್ದು ಗುಪ್ತರ ಕಾಲದ ಕಡೆಗೇ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದ್ರೆ ನಮ್ಮ ಹುಡುಗರು ಇದನ್ನ "ಡಿಎನ್‌ಎ ಪ್ರೂವ್ ಮಾಡ್ತು" ಅಂತ ಪೋಸ್ಟರ್ ಮಾಡಬೇಡಿ. ಒಳಮದುವೆ ಶುರುವಾದದ್ದು ಬೇರೆ, ಅಸ್ಪೃಶ್ಯತೆ ಹುಟ್ಟಿದ್ದು ಬೇರೆ. ಕಾಲ ಹತ್ತಿರ ಇದೆ ಅಷ್ಟೇ. ರಕ್ತ ಬೇರೆ ಅಂತ ನಾಳೆ ಯಾರಾದರೂ ಅಂಕಿ ತಂದರೂ ನಮ್ಮ ಹಕ್ಕೇನು ಕರಗಲ್ಲ. ಹುಟ್ಟಿನಿಂದ ಜನ ಬೇರೆ ಬೇರೆ ಇದ್ದರೂ ಸಮಾನವಾಗಿ ನಡೆಸಿಕೊಳ್ಳಲೇಬೇಕು ಅಂತ ಬಾಬಾಸಾಹೇಬರು ‘ಜಾತಿ ವಿನಾಶ’ದಲ್ಲೇ ಹೇಳಿಯಾಗಿದೆ. ಮಗಳು ಈ ಮಾತನ್ನ ಮೊದಲು ಅಸೈನ್‌ಮೆಂಟ್‌ನಿಂದ ತೆಗೆದಿದ್ದಳು, "ಇದು ಸೈನ್ಸ್ ಅಲ್ಲಪ್ಪ" ಅಂತ. ಅರ್ಧ ಗಂಟೆ ವಾದ ಆಯ್ತು. ಕೊನೆಗೆ ಉಳಿಸಿಕೊಂಡಳು, ಆದ್ರೆ ಬೇರೆ ಪ್ಯಾರಾದಲ್ಲಿ.

ನಿನ್ನೆ ರಾತ್ರಿ ನನ್ನ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಅಪ್‌ಲೋಡ್ ಆಯ್ತು. ಶನಿವಾರ ಕ್ಲಾಸಲ್ಲಿ ಎದ್ದು ನಿಂತು ಹತ್ತು ನಿಮಿಷ ಮಾತಾಡಬೇಕು, ಆ ಹುಡುಗನೂ ಇರ್ತಾನೆ. ನಿಮ್ಮಲ್ಲಿ ಲೈಫ್ ಸೈನ್ಸ್ ಓದಿದವರಿದ್ದರೆ, ಇಸ್ಪೀಟಿನ ಹೋಲಿಕೆಯಲ್ಲಿ ತಪ್ಪಿದ್ದರೆ ಶುಕ್ರವಾರದೊಳಗೆ ತಿಳಿಸಿ, ಅವಳಿಗೆ ಹೇಳ್ತೀನಿ.