ಒಂದಾಣೆಯ ಲೆಕ್ಕ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ

ಒಂದು ಪೇಟೆಯಲ್ಲಿ ಹುಟ್ಟಿದ ಹಣವು ಎಲ್ಲಿಗೆ ಹೋಗುತ್ತದೆ, ಹೋದದ್ದರಲ್ಲಿ ಎಷ್ಟು ಪಾಲು ಅದೇ ಸೀಮೆಗೆ ಮರಳಿ ಬರುತ್ತದೆ ಎಂದು ಕೇಳುವವರು ಕಡಿಮೆ. ಅರಸರ ವಂಶಾವಳಿಗಳನ್ನೂ ಕಾಳಗಗಳ ತೇದಿಗಳನ್ನೂ ನಾವು ಬಾಯಿಪಾಠ ಮಾಡುತ್ತೇವೆ; ಊರಿನ ಕಂದಾಯ ಜಕಾತಿಗಳ ಲೆಕ್ಕವನ್ನು ಮಾತ್ರ ಇತಿಹಾಸವೆಂದು ಎಣಿಸುವುದಿಲ್ಲ. ಆದರೆ ಒಂದು ಊರು ಏಕೆ ಏಳಿಗೆಗೆ ಬಂದಿತು, ಅದರ ಮಗ್ಗುಲಿನ ಹಳ್ಳಿ ಏಕೆ ಹಿಂದುಳಿಯಿತು ಎಂಬ ಪ್ರಶ್ನೆಗೆ ಉತ್ತರವು ಅನೇಕ ವೇಳೆ ಆ ಲೆಕ್ಕದಲ್ಲಿಯೇ ಅಡಗಿರುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಂಬ ಮೂರು ಪೇಟೆಗಳನ್ನು ಮುಂದಿಟ್ಟುಕೊಂಡು ಈ ಸಂಗತಿಯನ್ನು ವಿಚಾರ ಮಾಡೋಣ.

ಈ ಮೂರೂ ಒಂದೇ ರೈಲುದಾರಿಯ ಮೇಲಿರುವ ನೆರೆಹೊರೆಯ ಊರುಗಳು. ಮಲೆನಾಡಿನ ಏಲಕ್ಕಿಯು ಹಾವೇರಿಗೆ ಬಂದು, ಅಲ್ಲಿಯ ಬಾವಿಯ ನೀರಿನಲ್ಲಿ ತೊಳೆಯಿಸಿಕೊಂಡು, ಹೊರನಾಡುಗಳಿಗೆ ಹೋಗುತ್ತಿತ್ತು. ‘ಏಲಕ್ಕಿ ಕಂಪಿನ ನಾಡು’ ಎಂಬ ಹೆಸರು ಇಂದಿಗೂ ಉಳಿದಿದೆ. ರಾಣೆಬೆನ್ನೂರು ಹತ್ತಿಗೂ ನೇಯ್ಗೆಗೂ ಹೆಸರಾಯಿತು. ಬ್ಯಾಡಗಿಯ ಮೆಣಸಿನಕಾಯಿಯ ಮಾತನ್ನು ವಿವರಿಸಬೇಕಾಗಿಯೇ ಇಲ್ಲ. ಖಾರ ಕಡಿಮೆ, ಬಣ್ಣ ಅಧಿಕ.

ಪೇಟೆಯ ಹಣವನ್ನು ಊರಿಗೆ ತೊಡಗಿಸುವ ಯೋಚನೆ ನಮ್ಮಲ್ಲಿ ಹೊಸದಲ್ಲ. ಚಾಲುಕ್ಯರ ಕಾಲದ ಶಾಸನಗಳನ್ನು ಓದಿದರೆ, ವರ್ತಕರು ಹೇರಿಗೆ ಇಷ್ಟೆಂದು, ಎಲೆಯ ಹೊರೆಗೆ ಇಷ್ಟೆಂದು ಕಟ್ಟುಮಾಡಿ, ಆ ಸುಂಕವನ್ನು ಕೆರೆಗೋ ದೇಗುಲಕ್ಕೋ ಬಿಟ್ಟುಕೊಟ್ಟ ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಅಲ್ಲಿ ಕೊಡುವವನಿಗೆ ತನ್ನ ಹಣ ಏನಾಯಿತೆಂಬುದು ಕಣ್ಣೆದುರಿಗೇ ತಿಳಿಯುತ್ತಿತ್ತು.

1818ರಲ್ಲಿ ಪೇಶ್ವೆಯ ಆಳಿಕೆ ಮುಗಿದ ಮೇಲೆ ಈ ಸೀಮೆಯು ಮುಂಬಯಿ ಆಧಿಪತ್ಯಕ್ಕೆ ಸೇರಿತು. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ನಡೆದ ಅಂತರ್ಯುದ್ಧದಿಂದಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಾಯಿತು. ಧಾರವಾಡ ಜಿಲ್ಲೆಯ ಹತ್ತಿಗೆ ಎಂದೂ ಇಲ್ಲದ ಬೆಲೆ ಬಂದಿತು. ಆ ಹತ್ತಿಯು ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ರೇವಿಗೆ ಹೋಗುತ್ತಿತ್ತು. ಇಲ್ಲಿಯ ನಾಡಹತ್ತಿಯನ್ನು ಪರದೇಶದ ಪೇಟೆಯಲ್ಲಿ ‘ಕುಮಟಾ’ ಎಂದೇ ಕರೆದರು. ಬೆಳೆದ ಊರಿನ ಹೆಸರು ಅಳಿದು ಸಾಗಿಸಿದ ರೇವಿನ ಹೆಸರು ಉಳಿದದ್ದು ಯೋಚಿಸತಕ್ಕ ವಿಷಯ.

ಇಂಥ ಕಾಲದಲ್ಲಿ ಬಂದುದು 1869ರ ಮುಂಬಯಿ ಸ್ಥಳಿಕ ನಿಧಿಯ ಕಾಯಿದೆ. ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಹೆಚ್ಚಿನ ಪಟ್ಟಿ. ಅದರಲ್ಲಿ ಎರಡು ಪಾಲು ರಸ್ತೆ ಮುಂತಾದ ಕೆಲಸಗಳಿಗೆ, ಒಂದು ಪಾಲು ಶಾಲೆಗಳಿಗೆ. ಹದಿನಾರು ರೂಪಾಯಿ ಕಂದಾಯ ತೆರುವ ರೈತನು ಇನ್ನೊಂದು ರೂಪಾಯಿ ಕೊಟ್ಟರೆ, ಅದರಲ್ಲಿ ಹತ್ತಾಣೆ ಎಂಟು ಪೈ ದಾರಿಗೆ, ಐದಾಣೆ ನಾಲ್ಕು ಪೈ ಅಕ್ಷರಕ್ಕೆ ಸಲ್ಲಬೇಕು. ಲೆಕ್ಕವು ಸ್ಪಷ್ಟವಾಗಿತ್ತು. ಆದರೆ ಯಾವ ದಾರಿ, ಯಾವ ಶಾಲೆ ಎಂದು ಗೊತ್ತುಮಾಡುವ ಸಮಿತಿಯಲ್ಲಿ ಮುಖ್ಯಸ್ಥಾನ ಅಧಿಕಾರಿಗಳದು; ಕೊಟ್ಟವನ ಮಾತು ಅಲ್ಲಿಗೆ ಮುಟ್ಟುವುದು ಕಷ್ಟವಾಗಿತ್ತು. ರಿಪನ್ ಪ್ರಭುಗಳ 1882ರ ನಿರ್ಣಯದ ತರುವಾಯ, 1884ರ ಕಾಯಿದೆಯಿಂದ ತಾಲ್ಲೂಕು ಮತ್ತು ಜಿಲ್ಲಾ ಬೋರ್ಡುಗಳು ಹುಟ್ಟಿ ಈ ಕೊರತೆ ಸ್ವಲ್ಪಮಟ್ಟಿಗೆ ನೀಗಿತು. ಪಟ್ಟಣಗಳಲ್ಲಿ ಪುರಸಭೆಗಳು ಇದಕ್ಕೆ ಮೊದಲೇ ಇದ್ದವು: ರಾಣೆಬೆನ್ನೂರಿನಲ್ಲಿ 1858ರಲ್ಲಿ, ಹಾವೇರಿ ಬ್ಯಾಡಗಿಗಳಲ್ಲಿ 1879ರಲ್ಲಿ. ಇಂಥ ಪುರಸಭೆಗಳಿಗೆ ಜಕಾತಿಯೇ ದೊಡ್ಡ ಆದಾಯ.

ಸರ್ಕಾರದ ದಾರಿ ಇದಾದರೆ, ಜನರ ದಾರಿ ಬೇರೊಂದು ಇತ್ತು. 1904ರ ಸಹಕಾರ ಸಂಘಗಳ ಕಾಯಿದೆಯ ಮರುವರ್ಷವೇ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ವ್ಯವಸಾಯ ಪತ್ತಿನ ಸಂಘವನ್ನು ಕಟ್ಟಿದರು. ಊರವರು ಕೂಡಿಸಿದ ಹಣ ಊರವರಿಗೇ ಸಾಲವಾಗಿ ಹೋಗಿ, ಬಡ್ಡಿಯೊಡನೆ ಊರಿಗೇ ಮರಳುವುದು ಇದರ ಮರ್ಮ. ಪೇಟೆಯ ವಿಷಯದಲ್ಲಿ ಇದೇ ನ್ಯಾಯವನ್ನು 1939ರ ಮುಂಬಯಿ ಕೃಷಿ ಉತ್ಪನ್ನ ಮಾರುಕಟ್ಟೆಗಳ ಕಾಯಿದೆ ಕೈಗೊಂಡಿತು. ಸರಿಯಾದ ತೂಕ, ಬಹಿರಂಗ ಹರಾಜು, ಮೇಲೆ ನೋಡಿಕೊಳ್ಳಲು ರೈತರೂ ವರ್ತಕರೂ ಕೂಡಿದ ಸಮಿತಿ. ಅದಕ್ಕೆ ಬರುವ ಶುಲ್ಕದಿಂದ ಪ್ರಾಂಗಣ, ನೆರಳು, ನೀರು. ಬ್ಯಾಡಗಿಯ ಮಾರುಕಟ್ಟೆಯು 1948ರಲ್ಲಿ ಈ ಬಗೆಯ ಆಡಳಿತಕ್ಕೆ ಬಂದಿತು. ಏಕೀಕರಣದ ತರುವಾಯ 1966ರ ಕಾಯಿದೆ ಇದನ್ನೇ ಇಡೀ ರಾಜ್ಯಕ್ಕೆ ವಿಸ್ತರಿಸಿತು.

ಇಷ್ಟು ಸಾಧನಗಳಿದ್ದರೂ ಅವು ಒಂದನ್ನೊಂದು ಅರಿಯದೆ ನಡೆದುವು ಎಂಬುದೇ ನಮ್ಮ ಕಥೆಯ ತೊಡಕು. ಮಾರುಕಟ್ಟೆಯ ಶುಲ್ಕ ಪ್ರಾಂಗಣದ ಬಾಗಿಲಿಗೆ ನಿಂತಿತು. ಪುರಸಭೆಯ ಹಣ ಊರಿನ ಎಲ್ಲೆಗೆ ನಿಂತಿತು. ಬೋರ್ಡಿನ ರಸ್ತೆ ಎರಡಕ್ಕೂ ಮುಟ್ಟದೆ ನಡುವೆ ನಿಂತಿತು. 1979ರಲ್ಲಿ ಜಕಾತಿಯನ್ನು ತೆಗೆದುಹಾಕಿದಾಗ ಬಂಡಿಯವರಿಗೂ ಲಾರಿಯವರಿಗೂ ನೆಮ್ಮದಿಯಾಯಿತು, ನಿಜ. ಆದರೆ ಪಟ್ಟಣಗಳು ತಮ್ಮ ದುಡಿಮೆಯ ಬದಲು ರಾಜಧಾನಿಯ ಅನುದಾನವನ್ನು ನೆಚ್ಚುವಂತಾಯಿತು.

ಈ ತೊಡಕಿಗೆ ಪರಿಹಾರವನ್ನು ಸಂವಿಧಾನದ 74ನೆಯ ತಿದ್ದುಪಡಿಯೇ ಸೂಚಿಸಿದೆ. ಜಿಲ್ಲೆಗೊಂದು ಯೋಜನಾ ಸಮಿತಿ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯತಿಯ ಮತ್ತು ಪಟ್ಟಣಗಳ ಚುನಾಯಿತ ಪ್ರತಿನಿಧಿಗಳಿಂದ, ಅವರೊಳಗಿನಿಂದಲೇ, ಆರಿಸಲ್ಪಡತಕ್ಕವರು. ಹಳ್ಳಿಯ ಯೋಜನೆಯನ್ನೂ ಪಟ್ಟಣದ ಯೋಜನೆಯನ್ನೂ ಕೂಡಿಸಿ ಒಂದೇ ಕರಡು ಮಾಡುವುದು ಅದರ ಕರ್ತವ್ಯ. 1997ರ ಆಗಸ್ಟಿನಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದಾಗ, ಈ ಮೂರು ಪೇಟೆಗಳಿಗೆ ಒಂದು ಮನೆಯೂ ದೊರೆಯಿತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಎಣಿಸಿ, ಹಣವನ್ನು ಕೊರತೆಗೆ ತಕ್ಕಂತೆ ತಾಲ್ಲೂಕುಗಳಿಗೆ ಹಂಚಬೇಕೆಂದು ಹೇಳಿತು. ಅಳತೆಗೋಲೂ ಸಿಕ್ಕಿತು, ಸಮಿತಿಯೂ ಸಿಕ್ಕಿತು. ಇವೆರಡನ್ನೂ ಜೋಡಿಸಿ ನಡೆಸುವ ಅಭ್ಯಾಸ ಬೇರೂರಬೇಕು.

ಬೇರೂರದಿದ್ದರೆ ಏನಾಗುತ್ತದೆ? 2011ರಲ್ಲಿ ಬ್ಯಾಡಗಿಯ ಮೆಣಸಿನಕಾಯಿಗೆ ಭೌಗೋಳಿಕ ಗುರುತು ದೊರೆಯಿತು. ಈ ಬಾರಿ ಊರಿನ ಹೆಸರು ಅಳಿಯಲಿಲ್ಲ. ಆದರೂ 2024ರ ಮಾರ್ಚಿ 11ರ ಸೋಮವಾರ, ಬೆಲೆ ಕುಸಿಯಿತೆಂದು ಕೆರಳಿದ ರೈತರು ಅದೇ ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟರು. ಆ ಕೃತ್ಯವನ್ನು ಯಾರೂ ಮೆಚ್ಚಲಾರರು. ಆದರೆ ರೈತನ ರಕ್ಷಣೆಗೆಂದೇ ಹುಟ್ಟಿದ ಸಂಸ್ಥೆಯು ರೈತನಿಗೇ ಪರಕೀಯವಾಗಿ ಕಂಡಿತಲ್ಲ, ಅದನ್ನು ಯೋಚಿಸಬೇಡವೆ? ಬೆಲೆ ಬಿದ್ದ ದಿನ ಕಾಯಿಯನ್ನು ಇರಿಸಲು ಸಾಕಷ್ಟು ಶೀತಲಗೃಹ, ಅದರ ಮೇಲೆ ಕೈಗಡವಾಗಿ ಹಣ ಕೊಡುವ ಸಹಕಾರ ಸಂಘ, ಎರಡಕ್ಕೂ ಹಾದಿ ಮಾಡುವ ಪಂಚಾಯತಿ: ಮೂರೂ ಒಂದೇ ಯೋಜನೆಯಲ್ಲಿ ಕೂಡಿದಾಗ ಮಾತ್ರ ರೈತನು ಅಂದೇ ಮಾರಲೇಬೇಕಾದ ಬವಣೆ ತಪ್ಪೀತು.

ಹಿಂದಿನವರು ಎಲೆಯ ಹೊರೆಯ ಮೇಲಿನ ಸುಂಕವನ್ನು ಯಾವ ಕೆಲಸಕ್ಕೆ ಬಿಟ್ಟೆವೆಂದು ಕಲ್ಲಿನ ಮೇಲೆ ಬರೆಯಿಸಿ, ಎಲ್ಲರೂ ನೋಡುವ ಎಡೆಯಲ್ಲಿ ನಿಲ್ಲಿಸಿದರು. ನಮ್ಮ ಒಂದಾಣೆಯ ಲೆಕ್ಕವೂ ಹಾಗೆ ಬಯಲಲ್ಲಿ ನಿಂತು, ಕೊಟ್ಟವನು ಓದಿಕೊಳ್ಳುವಂತಾಗಲಿ.